ಚಿತ್ರದೊಳಗಿನ ಸಣ್ಣ ಕೂಸು

ಹೊಸದಾಗಿ ನರ್ಸ್ ಕೆಲಸಕ್ಕೆ ಸೇರಿದ ಹುಡುಗಿಯರು ಆಗಾಗ ಚಿಕ್ಕೋಡಿಯ ನಮ್ಮ ಮನೆಗೆ ಬರುತ್ತಾರೆ. ನಿವೃತ್ತಳಾದ ಮೇಲೂ ಓಣಿಯ ಜನ ನನ್ನನ್ನು ನರ್ಸಬಾಯಿ ಎಂದೇ ಕರೆಯುವುದರಿಂದ ಮನೆ ಹುಡುಕುವುದು ಯಾರಿಗೂ ಕಷ್ಟವಾಗುವುದಿಲ್ಲ. ಬಂದವರು ಕೇಳುವುದು ಹೆಚ್ಚುಕಡಿಮೆ ಒಂದೇ. ತವರಿನ ಹತ್ತಿರಕ್ಕೆ ವರ್ಗ ಮಾಡಿಸಿಕೊಳ್ಳುವುದು ಹೇಗೆ, ಮೇಲಿನವರು ತಪಾಸಣೆಗೆ ಬಂದರೆ ಏನು ತೋರಿಸಬೇಕು. ಬಸುರಿ ಹೆಣ್ಣುಮಗಳ ಜತೆ ಮಾತಾಡುವುದು ಹೇಗೆ ಎಂದು ಇಲ್ಲಿಯವರೆಗೆ ಒಬ್ಬಳೂ ಕೇಳಿಲ್ಲ. ಅದೇನು ಮಹಾ, ಬಾಯಿ ಇದ್ದರೆ ಸಾಕು ಎಂದುಕೊಂಡಿರುತ್ತಾರೆ. ನಾನೂ ಹಾಗೆಯೇ ಅಂದುಕೊಂಡಿದ್ದವಳು. ಅದಕ್ಕೇ ಯಾರೂ ಕೇಳದಿದ್ದರೂ ಇದನ್ನು ಬರೆದಿಡುತ್ತಿದ್ದೇನೆ.

ಮೊದಲು ಮಿಶ್ರಿಯ ವಿಷಯ ಹೇಳಬೇಕು. ನಿಪ್ಪಾಣಿ ಸೀಮೆ ಎಂದರೆ ತಂಬಾಕಿನ ಸೀಮೆ. ಹೆಂಗಸರು ಒಂದೋ ಮನೆಯ ಕಟ್ಟೆಯ ಮೇಲೆ ಬೀಡಿ ಕಟ್ಟುತ್ತಾರೆ, ಇಲ್ಲವೇ ವಖಾರಿಗೆ, ಅಂದರೆ ತಂಬಾಕಿನ ಗೋದಾಮಿಗೆ, ಕೂಲಿಗೆ ಹೋಗುತ್ತಾರೆ. ಸಂಜೆ ಬರುವಾಗ ಸೆರಗಿನ ತುದಿಯಲ್ಲಿ ಒಂದು ಹಿಡಿ ತಂಬಾಕು ಇರುತ್ತದೆ. ಅದನ್ನು ರೊಟ್ಟಿ ಬೇಯಿಸುವ ಹಂಚಿನ ಮೇಲೆ ಕಪ್ಪಗೆ ಹುರಿದು, ಅಂಗೈಯಲ್ಲಿ ತಿಕ್ಕಿ ಪುಡಿ ಮಾಡಿದರೆ ಮಿಶ್ರಿಯಾಯಿತು. ಬೆಳಿಗ್ಗೆ ಎದ್ದು ಬೆರಳಿನಿಂದ ಅದನ್ನು ಹಲ್ಲಿಗೆ ಹಚ್ಚಿಕೊಳ್ಳದೆ ನಮ್ಮ ಕಡೆಯ ಎಷ್ಟೋ ಹೆಂಗಸರಿಗೆ ಹೊಟ್ಟೆ ಹಗುರಾಗುವುದಿಲ್ಲ. ಚಹಾ ಕುಡಿದ ಮೇಲೆ ಮತ್ತೊಮ್ಮೆ, ಬುತ್ತಿ ಉಂಡ ಮೇಲೆ ಮಗದೊಮ್ಮೆ, ನೆರೆಯವಳು ಬಂದು ಕೂತರಂತೂ ಡಬ್ಬಿ ತೆರೆಯಲೇಬೇಕು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ಇಲ್ಲಿ ಕೈಯೂ ಕಪ್ಪು, ಬಾಯಿಯೂ ಕಪ್ಪು.

ಇದನ್ನು ಯಾರೂ ಚಟ ಎನ್ನುವುದಿಲ್ಲ. ಅವರ ಪಾಲಿಗೆ ಅದು ಹಲ್ಲು ತಿಕ್ಕುವುದು. ನಾನು ಹೊಸಬಳಾಗಿದ್ದಾಗ ಬಸುರಿಯರಿಗೆ ‘ತಂಬಾಕ ತಿಂತೀಯೇನವ್ವಾ?’ ಎಂದು ಕೇಳುತ್ತಿದ್ದೆ. ‘ಛೀ ಛೀ, ಇಲ್ಲರಿ’ ಎಂದು ಕರಿ ಹಲ್ಲು ತೋರಿಸಿ ನಗುತ್ತಿದ್ದರು. ಅವರು ಸುಳ್ಳು ಹೇಳುತ್ತಿರಲಿಲ್ಲ, ನನಗೆ ಕೇಳಲು ಬರುತ್ತಿರಲಿಲ್ಲ. ಕೇಳುವುದಾದರೆ ‘ದಿನಕ್ಕ ಎಷ್ಟ ಸಲ ಮಿಶ್ರಿ ಹಚ್ತಿ?’ ಎಂದೇ ಕೇಳಬೇಕು ಎಂದು ಕಲಿಯಲು ನನಗೆ ಬಹಳ ದಿನ ಹಿಡಿಯಿತು.

ನಿಪ್ಪಾಣಿ ಕಡೆ ಬರುವ ಮುಂಚೆ ನಾನು ಕೆಲವು ವರ್ಷ ಕಾಗವಾಡದ ಆಚೆಯ ಒಂದು ಆರೋಗ್ಯ ಕೇಂದ್ರದಲ್ಲಿದ್ದೆ. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಅಲ್ಲಿಗೆ ಲಗಮವ್ವ ಎಂಬ ಚೊಚ್ಚಲ ಬಸುರಿ ಬಂದಳು. ತವರು ಅಥಣಿ ಕಡೆ, ಗಂಡನ ಜತೆ ದ್ರಾಕ್ಷಿ ತೋಟದಲ್ಲಿ ಕೂಲಿ. ಕಣ್ಣು ಕೆಂಪಗಾಗಿದ್ದವು, ಮಾತು ತೊದಲುತ್ತಿತ್ತು. ‘ನಿದ್ದಿ ಆಗಿಲ್ಲೇನ ತಂಗಿ?’ ಎಂದೆ. ಪಾಪದ ಹುಡುಗಿ, ಏನನ್ನೂ ಮುಚ್ಚಿಡಲಿಲ್ಲ.

‘ನೀರ ಕುಡದ್ರೂ ಕಾರ್ಕೋತೇನ್ರಿ ಬಾಯಾರ. ಕೆಲಸಕ್ಕ ಹೋಗಾಕ ಆಗವಲ್ದಾಗಿತ್ತು. ನಮ್ಮತ್ತಿ ಬೆಲ್ಲದಾಗ ಭಂಗಿ ಕಲಸಿ ಒಂದ ಗುಳಿಗಿ ಕೊಡ್ತಾಳ್ರಿ. ಅದನ್ನ ತಿಂದ್ರ ಒಂದೀಟ ಅನ್ನ ಹೊಟ್ಟ್ಯಾಗ ನಿಲ್ಲತೈತಿ.’

ಡಾಕ್ಟರಿಗೆ ಹೇಳುವುದು ನನ್ನ ಕೆಲಸ, ಹೇಳಿದೆ. ಅವರು ಕುರ್ಚಿಯಿಂದ ಎದ್ದುಬಿಟ್ಟರು.

‘ಗಾಂಜಾ ತಿಂತೀಯೇನ ನೀ? ಹೊಟ್ಟ್ಯಾಗ ಕೂಸ ಇಟಗೊಂಡ ಗಾಂಜಾ? ಇದು ಪೊಲೀಸ್ ಕೇಸ್ ಐತಿ, ಗೊತ್ತೈತೇನ? ನಿಮ್ಮತ್ತೀನ್ನೂ ಒಳಗ ಹಾಕಸ್ತೇನಿ.’

ಹೊರಗೆ ಬೆಂಚಿನ ಮೇಲೆ ಪಾಳಿ ಹಚ್ಚಿ ಕೂತಿದ್ದ ಹೆಂಗಸರಿಗೆ ಇದೆಲ್ಲ ಕೇಳಿಸಿತು. ‘ಅಯ್ಯಯ್ಯ, ಎಂಥಾ ಕಾಲ ಬಂತವ್ವಾ’ ಎಂದು ಗಲ್ಲಕ್ಕೆ ಬೆರಳು ಹಚ್ಚಿದರು. ಆ ಬೆರಳುಗಳಲ್ಲಿ ನಾಲ್ಕಾರು ಮಿಶ್ರಿಯಿಂದ ಕಪ್ಪಾಗಿದ್ದವು. ಅವರಲ್ಲೂ ಬಸುರಿಯರಿದ್ದರು. ಡಾಕ್ಟರು ಅವರನ್ನು ಏನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಭಂಗಿ ಎಂದರೆ ಪಾಪ, ಮಿಶ್ರಿ ಎಂದರೆ ಹಲ್ಲುಪುಡಿ ಎಂದು ಊರು ತೀರ್ಮಾನಿಸಿತ್ತು. ಓದಿದ ನಾವೂ ಊರಿನ ಕಣ್ಣಿನಿಂದಲೇ ನೋಡುತ್ತಿದ್ದೆವು.

ಭಂಗಿ ಹೊಟ್ಟೆಯ ಕೂಸಿಗೆ ಒಳ್ಳೆಯದಲ್ಲ, ಆ ಮಾತು ನಿಜವೇ. ಆದರೆ ಆ ಹುಡುಗಿಗೆ ಬೇಕಾಗಿದ್ದದ್ದು ನಶೆ ಅಲ್ಲ, ಒಂದು ತುತ್ತು ಅನ್ನ. ವಾಂತಿ ನಿಲ್ಲುವ ಗುಳಿಗೆ ನಮ್ಮ ಕಪಾಟಿನಲ್ಲೇ ಇತ್ತು. ನಾನು ಕೀಲಿ ಹುಡುಕಿ ತೆಗೆದು ತರುವಷ್ಟರಲ್ಲಿ ಲಗಮವ್ವ ಎದ್ದು ಹೋಗಿದ್ದಳು. ಮುಂದಿನ ಸಂತೆಯಲ್ಲಿ ಅವಳ ಅತ್ತೆ ಸಿಕ್ಕಳು. ‘ನಿಮ್ಮ ದವಾಖಾನ್ಯಾಗ ಬಸರಿ ಹೆಂಗಸರನ್ನ ಹಿಡದ ಕೊಡ್ತಾರಂತಲ್ರಿ. ಅಕೀನ್ನ ಮಿರಜ ಕಡೆ ಕಳಸೇವ್ರಿ’ ಎಂದು, ನಾನು ಬಾಯಿ ತೆರೆಯುವ ಮೊದಲೇ ಗದ್ದಲದಲ್ಲಿ ಮಾಯವಾದಳು. ದ್ರಾಕ್ಷಿ ತೋಟದ ಕೂಲಿಯವರು ಹಂಗಾಮು ಮುಗಿದರೆ ಇನ್ನೊಂದು ಊರಿಗೆ ಹೋಗುವ ಜನ. ಆ ಹುಡುಗಿ ಎಲ್ಲಿ ಹಡೆದಳು, ಕೂಸು ಉಳಿಯಿತೋ ಇಲ್ಲವೋ ನನಗೆ ಈವತ್ತಿಗೂ ಗೊತ್ತಿಲ್ಲ. ಹೆದರಿಸಿದರೆ ಬಸುರಿ ಚಟ ಬಿಡುವುದಿಲ್ಲ, ದವಾಖಾನೆ ಬಿಡುತ್ತಾಳೆ. ಇದು ಅಲ್ಲಿ ನಾನು ಕಲಿತದ್ದು.

ಮುಂದೆ ಅಕ್ಕೋಳದ ಆಚೆಯ ಒಂದು ಹಳ್ಳಿಗೆ ವರ್ಗವಾಯಿತು. ಹಳ್ಳಿಯ ಹೆಸರು ಬೇಡ, ಅಲ್ಲಿಯ ಜನ ಇನ್ನೂ ಇದ್ದಾರೆ. ಅಲ್ಲಿ ನಮಗೆ ಡಾಕ್ಟರಾಗಿ ಬಂದವರು ಮೈಸೂರು ಕಡೆಯ ಒಬ್ಬ ಹುಡುಗ. ಒಳ್ಳೆಯವರು, ಯಾರನ್ನೂ ಬೈಯುತ್ತಿರಲಿಲ್ಲ. ನಾನು ಲಗಮವ್ವನ ಸಂಗತಿ ಹೇಳಿದಾಗ ಅವರಿಗೂ ಮನಸ್ಸು ಕೆಟ್ಟಿತು. ‘ಸಿಸ್ಟರ್, ನಾವು ಹೆದರಿಸೋದು ಬೇಡ. ಪ್ರೀತಿಯಿಂದ ಹೇಳೋಣ. ಓದು ಬಾರದವರಿಗೆ ಚಿತ್ರ ತೋರಿಸೋಣ’ ಎಂದರು. ನಿಪ್ಪಾಣಿಯಲ್ಲಿ ಅಂಗಡಿಗಳ ಬೋರ್ಡು ಬರೆಯುವ ಪೇಂಟರನೊಬ್ಬನನ್ನು ಹಿಡಿದು, ಬಟ್ಟೆಯ ಮೇಲೆ ದೊಡ್ಡದೊಂದು ಚಿತ್ರ ಬರೆಸಿದರು. ಎಡಕ್ಕೆ ಒಬ್ಬ ತಾಯಿ, ಮಿಶ್ರಿ ಹಚ್ಚದವಳು, ಅವಳ ಮುಂದೆ ಒಂದು ದಪ್ಪ ಕೂಸು. ಬಲಕ್ಕೆ ಮಿಶ್ರಿ ಡಬ್ಬಿ ಹಿಡಿದ ತಾಯಿ, ಅವಳ ಮುಂದೆ ಒಂದು ಸಣ್ಣ ಕೂಸು.

ಆ ಪೇಂಟರ ಸಂಕಟದ ಮುಖ ಬರೆದು ಗೊತ್ತಿದ್ದವನಲ್ಲ. ದಪ್ಪ ಕೂಸು ಊಟ ಹೆಚ್ಚಾಗಿ ಅರೆಗಣ್ಣು ಮುಚ್ಚಿದ ಸಾವುಕಾರನಂತೆ ಕೂತಿತ್ತು. ಸಣ್ಣ ಕೂಸನ್ನು ತನ್ನ ಮಗಳ ಫೋಟೋ ನೋಡಿ ಬರೆದಿದ್ದನಂತೆ. ಅದು ಮುದ್ದಾಗಿ ನಗುತ್ತಿತ್ತು. ಗಲ್ಲದ ಮೇಲೆ ಒಂದು ದೃಷ್ಟಿಬೊಟ್ಟು ಬೇರೆ ಇಟ್ಟಿದ್ದ. ನಾವು ನೋಡಿ ನಕ್ಕೆವೇ ಹೊರತು ಬದಲು ಮಾಡಿಸಲಿಲ್ಲ.

ಆ ಚಿತ್ರವನ್ನು ಸುರುಳಿ ಸುತ್ತಿ ಹೆಗಲ ಮೇಲೆ ಹೊತ್ತು ನಾನು ಓಣಿ ಓಣಿ ತಿರುಗಿದೆ. ‘ನೋಡ್ರವ್ವಾ, ಬಸರಾಗಿದ್ದಾಗ ಮಿಶ್ರಿ ಹಚ್ಚಿದ್ರ ಹೊಟ್ಟ್ಯಾಗಿನ ಕೂಸ ಸಣ್ಣದಾಗತೈತಿ’ ಎಂದು ಹೇಳಿದೆ. ಅಷ್ಟು ಗಮನವಿಟ್ಟು ಹೆಂಗಸರು ನನ್ನ ಮಾತನ್ನು ಎಂದೂ ಕೇಳಿರಲಿಲ್ಲ. ಬೀಡಿ ಕಟ್ಟುವ ಕೈ ನಿಲ್ಲಿಸಿ ಹತ್ತಿರ ಬಂದು ನೋಡಿದರು. ‘ಇನ್ನೊಮ್ಮೆ ತೋರಸ್ರಿ ಬಾಯಾರ’ ಎಂದರು. ತಲೆ ಅಲ್ಲಾಡಿಸಿದರು. ಡಾಕ್ಟರು ಖುಷಿಯಾದರು, ನಾನಂತೂ ಉಬ್ಬಿಹೋದೆ.

ಹಾಗೆ ಕೇಳಿದವರಲ್ಲಿ ಅಕ್ಕಾತಾಯಿ ಮತ್ತು ಅವಳ ಸೊಸೆ ಸುವರ್ಣಾ ಇದ್ದರು. ಅಕ್ಕಾತಾಯಿ ವಖಾರಿಯಲ್ಲಿ ದುಡಿದು ಹಣ್ಣಾದ ಹೆಂಗಸು, ಗಂಟಲು ದೊಡ್ಡದು, ಕರುಳು ಅದಕ್ಕಿಂತ ದೊಡ್ಡದು. ಸೊಸೆಯನ್ನು ಮಗಳಂತೆ ನೋಡಿಕೊಳ್ಳುತ್ತಿದ್ದಳು. ನಾನು ಆಕೆಯನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆ. ಸುವರ್ಣಾಳ ಚೊಚ್ಚಲ ಹೆರಿಗೆ ರಾಯಬಾಗ ಕಡೆಯ ತವರಿನಲ್ಲಿ ಆಗಿತ್ತು. ಕೂಸು ದೊಡ್ಡದು. ಹೆರಿಗೆಯ ಬ್ಯಾನಿ ತಿಂದು ತಿಂದು ಸುಸ್ತಾಗಿ, ಕಡೆಗೆ ಕೂಸು ಹೊರಗೆ ಬಂದಾಗ ಅಳಲಿಲ್ಲ. ‘ದುಂಡಗ ಇತ್ರಿ ಬಾಯಾರ, ಕೈಕಾಲ ತುಂಬಿದ್ವು. ದೊಡ್ಡದಿದ್ದದ್ದ ಅದರ ಜೀಂವಾ ತಗೊಂತು’ ಎಂದು ಸುವರ್ಣಾ ಒಮ್ಮೆ ನನಗೆ ಹೇಳಿದ್ದಳು. ನಾನು ಕೇಳಿ ಅಯ್ಯೋ ಎಂದಿದ್ದೆ, ಆ ಮಾತಿನ ಒಳಗೆ ಏನಿದೆ ಎಂದು ನೋಡಲಿಲ್ಲ. ಈಗ ಅವಳು ಮತ್ತೆ ಬಸುರಿ. ಈ ಸಲವಾದರೂ ಅವಳ ಮಡಿಲಿಗೆ ಜೀವಂತ ಕೂಸು ಬರಲಿ ಎಂದು ಮನೆಯವರಿಗೆ ಎಷ್ಟು ಆಸೆಯಿತ್ತೋ ನನಗೂ ಅಷ್ಟೇ ಇತ್ತು.

ಪ್ರತಿ ಸಲ ಹೋದಾಗಲೂ ಕೇಳುತ್ತಿದ್ದೆ. ‘ಸುವರ್ಣಾ, ನಾ ಮಿಶ್ರಿದ್ದು ಹೇಳಿದ್ದು ನೆನಪೈತಿಲ್ಲ?’

‘ಐತ್ರಿ. ನೀವು ಹೇಳಿದಂಗ ನಡಕೊಂಡೇನ್ರಿ.’

ಅಕ್ಕಾತಾಯಿ ಒಳಗಿಂದಲೇ ಕೂಗುತ್ತಿದ್ದಳು. ‘ನೀವು ಕಾಳಜಿ ಮಾಡಬ್ಯಾಡ್ರಿ ಬಾಯಾರ, ನಾ ಇದ್ದೇನಲ್ಲಾ, ನೋಡ್ಕೋತೇನಿ.’

ತೂಕ ಮಾತ್ರ ಏರುತ್ತಿರಲಿಲ್ಲ. ಮುಖ ಕಂದುತ್ತಿತ್ತು. ಹಾಲು, ಶೇಂಗಾ, ಸೊಪ್ಪು ತಿನ್ನು ಎಂದೆ, ಕಬ್ಬಿಣದ ಗುಳಿಗೆ ಕೊಟ್ಟೆ. ಡಾಕ್ಟರೂ ಬಂದು ನೋಡಿದರು. ಮಿಶ್ರಿ ಬಿಟ್ಟಿದ್ದಾಳಲ್ಲ, ಇನ್ನೇನು ಕಾರಣವಿರಬಹುದು ಎಂದು ನಾವಿಬ್ಬರೂ ತಲೆ ಕೆರೆದುಕೊಂಡೆವು.

ಒಂದು ಮಧ್ಯಾಹ್ನ, ತಿಂಗಳು ತುಂಬುವ ಮುಂಚೆಯೇ ಬ್ಯಾನಿ ಶುರುವಾಯಿತು. ನೂರಾ ಎಂಟರ ಆಂಬುಲೆನ್ಸ್ ಗಾಡಿ ಬಂದು ನಾವು ಚಿಕ್ಕೋಡಿ ಮುಟ್ಟುವುದರೊಳಗೆ, ದಾರಿಯಲ್ಲೇ ಹೆರಿಗೆಯಾಯಿತು. ಹೆಣ್ಣು ಕೂಸು. ಅಂಗೈ ಅಗಲದ ಬೆನ್ನು, ಬೆಕ್ಕಿನ ಮರಿಯಂಥ ದನಿ. ದೊಡ್ಡ ದವಾಖಾನೆಯವರು ತಕ್ಷಣ ಕಾವಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ನಾನು ಹೊರಗೆ ಬಂದಾಗ ಅಕ್ಕಾತಾಯಿ ಗೋಡೆಗೊರಗಿ ಕೂತಿದ್ದಳು. ನಾನು ಸಮಾಧಾನದ ಮಾತು ಹುಡುಕುತ್ತಿದ್ದರೆ ಆಕೆ ಎದ್ದು ನನ್ನ ಎರಡೂ ಕೈ ಹಿಡಿದುಕೊಂಡಳು. ಮುಖದ ತುಂಬ ನಗು.

‘ನಿಮ್ಮ ಬಾಯಾಗ ಸಕ್ರಿ ಹಾಕಬೇಕ್ರಿ ಬಾಯಾರ. ನೀವು ಚಿತ್ರದಾಗ ತೋರಿಸಿದಂಗ, ಹಂಗ ಸಣ್ಣ ಕೂಸ ಹುಟ್ಟೇತಿ ನೋಡ್ರಿ. ಎಷ್ಟ ಹಗೂರ ಹಡದ್ಳು! ಕೊಯ್ಯೂದಿಲ್ಲ, ಹೊಲಿಯೂದಿಲ್ಲ.’

ನನಗೆ ಅರ್ಥವಾಗಲಿಲ್ಲ. ‘ಏನ ಅಂತೀರಿ ಮಾವಶಿ?’ ಎಂದೆ.

‘ಮದಲ ಇಕಿ ಮಿಶ್ರಿ ಬಾಳ ಹಚ್ಚತಿರಲಿಲ್ರಿ. ವಾಸನಿ ಬ್ಯಾಡ ಅಂತಿದ್ಳು. ನೀವು ಬಂದ ಹೇಳಿದ್ಮ್ಯಾಲ ನಾನ ಹಟಾ ಮಾಡಿ ಹಚ್ಚಸ್ತಿದ್ನಿ. ನಸಕಿನ್ಯಾಗ ಹುರದ, ಸಣ್ಣಗ ಸೋಸಿ, ಕೈಯಾಗ ಕೊಡ್ತಿದ್ನಿ. ಬ್ಯಾಡ ಅಂದ್ರ, ಮದಲಿನ ಕೂಸ ನೆನಪ ಮಾಡ್ಕೊ ಅಂತಿದ್ನಿ.’

ನಾನು ಅಲ್ಲೇ ಬೆಂಚಿನ ಮೇಲೆ ಕೂತೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆಯನ್ನು ಎಷ್ಟೋ ಸಲ ನಗುನಗುತ್ತಾ ಹೇಳಿದ್ದೇನೆ. ಅವತ್ತಿನ ನಂತರ ಹೇಳಿಲ್ಲ. ಕೂಸು ದೊಡ್ಡದಾದದ್ದಕ್ಕೇ ಅದನ್ನು ಕಳೆದುಕೊಂಡೆ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದ ಹೆಣ್ಣುಮಗಳ ಅಂಗಳಕ್ಕೆ ಹೋಗಿ ನಾನು, ಕೂಸು ಸಣ್ಣದಾಗುವ ಉಪಾಯ ಹೇಳಿ ಬಂದಿದ್ದೆ. ಅವರು ಗಮನವಿಟ್ಟು ಕೇಳಿದ್ದು, ತಲೆ ಅಲ್ಲಾಡಿಸಿದ್ದು, ಇನ್ನೊಮ್ಮೆ ತೋರಿಸಿ ಅಂದದ್ದು ಎಲ್ಲ ಅದಕ್ಕೇ. ಆ ಓಣಿಯಲ್ಲಿ ಹೆರಿಗೆ ಎಂದರೆ ಭಯವಿಲ್ಲದ ಹೆಣ್ಣು ಒಬ್ಬಳಾದರೂ ಇದ್ದಳೇ?

ಕೂಸಿಗೆ ಮೊಲೆ ಚೀಪುವ ಶಕ್ತಿಯೂ ಇರಲಿಲ್ಲ. ಸುವರ್ಣಾ ಹಾಲು ಹಿಂಡಿ ಹಿಂಡಿ ಕೊಟ್ಟಳು. ದವಾಖಾನೆಯವರು ಮಾಡುವುದನ್ನೆಲ್ಲ ಮಾಡಿದರು. ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಬರುವ ಮೊದಲೇ ಕೂಸು ಹೋಯಿತು.

ಮಿಶ್ರಿಯೊಂದೇ ಅದನ್ನು ಕೊಂದಿತು ಎಂದು ಯಾವ ಡಾಕ್ಟರೂ ಬರೆದುಕೊಡಲಾರರು. ಆದರೆ ಸುವರ್ಣಾ ಮತ್ತೆ ಬಸುರಾಗುವವಳು. ಅವಳಿಗೆ ನಿಜ ಗೊತ್ತಾಗಲೇಬೇಕಿತ್ತು. ಸೂತಕ ಕಳೆದ ಮೇಲೆ ಅವರ ಮನೆಗೆ ಹೋಗಿ, ಅತ್ತೆ ಸೊಸೆ ಇಬ್ಬರನ್ನೂ ಎದುರು ಕೂರಿಸಿಕೊಂಡು ಹೇಳಿದೆ. ಸಣ್ಣ ಕೂಸು ಎಂದರೆ ಶಕ್ತಿಯಿಲ್ಲದ ಕೂಸು. ಮಿಶ್ರಿ ಕೂಸಿನ ರಕ್ತ ಕಡಿಮೆ ಮಾಡುತ್ತದೆ, ಮೈ ಒಣಗಿಸುತ್ತದೆ, ಹೆರಿಗೆಯನ್ನೇನೂ ಸುಲಭ ಮಾಡುವುದಿಲ್ಲ. ದೊಡ್ಡ ಕೂಸಿದ್ದರೆ ಅದಕ್ಕೆ ದವಾಖಾನೆಯಲ್ಲಿ ದಾರಿಯಿದೆ. ನಾವು ಹೇಳಬೇಕಾದಂತೆ ಹೇಳಲಿಲ್ಲ ಎಂದೂ ಹೇಳಿದೆ.

ಸುವರ್ಣಾ ಸೆರಗು ಬಾಯಿಗೆ ಒತ್ತಿಕೊಂಡು ಕೂತಳು. ಅಕ್ಕಾತಾಯಿ ತನ್ನ ಕಪ್ಪು ಬೆರಳು ನೋಡಿಕೊಂಡಳು. ಆಮೇಲೆ ಅಂದಳು:

‘ನಾ ಸಾಲಿ ಕಲತಾಕಿ ಅಲ್ರಿ. ನೀವು ಬಾಯಿ ತುಂಬ ಹೇಳಿದ್ರಿ, ನಾ ಕೈ ತುಂಬ ಕೊಟ್ನಿ.’

ಎದ್ದು ಹಿತ್ತಲಿಗೆ ಹೋದಳು. ಅದೇ ಆಕೆ ನನ್ನ ಜತೆ ಆಡಿದ ಕಡೆಯ ಮಾತು. ಆ ಮೇಲೆ ನಾನು ಅವರ ಮನೆಗೆ ಹೋದಾಗಲೆಲ್ಲ ಆಕೆ ಹಿತ್ತಲಲ್ಲೇ ಇರುತ್ತಿದ್ದಳು. ಹಲ್ಲು ಬಂದಾಗಿನಿಂದ ಮಿಶ್ರಿ ಹಚ್ಚಿದವಳು ಅವತ್ತಿನಿಂದ ಅದನ್ನು ಮುಟ್ಟಲಿಲ್ಲವಂತೆ. ತಲೆನೋವಿನಿಂದ ನರಳಿದಳು, ಹೊಟ್ಟೆ ಕಟ್ಟಿ ಒದ್ದಾಡಿದಳು, ಮುಟ್ಟಲಿಲ್ಲ. ‘ಮಿಶ್ರಿ ಹುರಿಯೂ ಹಂಚ ಸೈತ ಬೋರಲ ಹಾಕ್ಯಾಳ್ರಿ’ ಎಂದು ಸುವರ್ಣಾ ಹೇಳಿದಳು. ಚಟ ಬಿಟ್ಟವರನ್ನು ಕಂಡರೆ ನರ್ಸಿಗೆ ಸಂತೋಷವಾಗಬೇಕು. ಆಕೆಯ ವಿಷಯದಲ್ಲಿ ನನಗೆ ಎಂದೂ ಸಂತೋಷವಾಗಲಿಲ್ಲ.

ನಾನು ಡಾಕ್ಟರಿಗೆ ಎಲ್ಲ ಹೇಳಿದೆ. ‘ಚಿತ್ರದಲ್ಲಿ ತಪ್ಪೇನಿದೆ ಸಿಸ್ಟರ್, ವಿಜ್ಞಾನದ ಪ್ರಕಾರ ಸರಿಯಾಗೇ ಇದೆಯಲ್ಲ’ ಎಂದರು ಮೊದಲು. ಆದರೆ ಅವತ್ತು ಅವರು ಊಟದ ಡಬ್ಬಿ ತೆರೆಯಲಿಲ್ಲ. ಸ್ವಲ್ಪ ದಿನದಲ್ಲಿ ಮುಂದಿನ ಓದಿಗೆಂದು ಹೊರಟುಹೋದರು. ಚಿತ್ರವನ್ನು ನಾನು ಸುರುಳಿ ಸುತ್ತಿ ಆರೋಗ್ಯ ಕೇಂದ್ರದ ಕಪಾಟಿನ ಮೇಲೆ ಎಸೆದೆ. ಒಲೆಗೆ ಹಾಕಬೇಕೆಂದು ಕೈ ತುರಿಸಿತು. ಆದರೆ ಸರಕಾರಿ ಸಾಮಾನು, ಮೇಲಿನವರು ಬಂದು ಎಲ್ಲಿದೆ ಎಂದರೆ ಏನು ಹೇಳುವುದು ಎಂದು ಬಿಟ್ಟೆ.

ಅಲ್ಲಿಂದ ಮುಂದೆ ನನ್ನ ರೀತಿ ಬದಲಾಯಿತು. ಯಾವ ಬಸುರಿಗೆ ಏನು ಹೇಳಿದರೂ ಕಡೆಗೆ ‘ನಾ ಏನ ಹೇಳಿದ್ನಿ, ನೀ ಈಗ ನನಗ ಹೇಳ ತಂಗಿ’ ಎನ್ನುತ್ತಿದ್ದೆ. ಜತೆಗಿದ್ದವರು ಬಾಯಾರು ಪರೀಕ್ಷೆ ತಗೋತಾರೆ ಎಂದು ನಗುತ್ತಿದ್ದರು. ನಗಲಿ. ಅವರ ಬಾಯಿಂದ ವಾಪಸು ಬಂದ ಮಾತು ಕೇಳಿ ಎಷ್ಟೋ ಸಲ ನಾನು ಬೆಚ್ಚಿದ್ದೇನೆ. ಹೇಳುವ ಮೊದಲು ‘ನಿನಗ ಯಾತರದ ಅಂಜಿಕಿ ಐತಿ?’ ಎಂದು ಕೇಳುವುದನ್ನೂ ಕಲಿತೆ. ಲಗಮವ್ವನನ್ನು ಅದೊಂದು ಮಾತು ಕೇಳಿದ್ದರೆ, ಸುವರ್ಣಾಳನ್ನು ಕೇಳಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ಸುವರ್ಣಾಳಿಗೆ ಮೂರನೆಯದು ಗಂಡು. ಹೊಟ್ಟೆ ಕೊಯ್ದೇ ತೆಗೆಯಬೇಕಾಯಿತು. ಒಪ್ಪಿಗೆಯ ಹೆಬ್ಬೆಟ್ಟು ಒತ್ತುವ ಮೊದಲು ‘ಕೂಸ ಭಾಳ ದೊಡ್ಡದೈತೇನ್ರಿ?’ ಎಂದು ಎರಡು ಸಲ ಕೇಳಿದಳು, ಆಮೇಲೆ ಒತ್ತಿದಳು. ಹುಡುಗ ದುಂಡಗೆ ಹುಟ್ಟಿ ಗಟ್ಟಿಯಾಗಿ ಅತ್ತ. ಅಕ್ಕಾತಾಯಿ ಮೊಮ್ಮಗನನ್ನು ಎತ್ತಿಕೊಂಡಿದ್ದನ್ನು ದೂರದಿಂದ ನೋಡಿದೆ. ಹತ್ತಿರ ಹೋಗಿ, ‘ಮಾವಶಿ, ತಪ್ಪು ನಿಮ್ಮದಲ್ಲ’ ಎಂದು ಬಿಡಿಸಿ ಹೇಳಬೇಕೆಂದು ಮನಸ್ಸಾಯಿತು. ಆಕೆ ಮುಖ ತಿರುಗಿಸಿದಳು, ನಾನು ಇನ್ನೊಂದು ದಿನ ಎಂದುಕೊಂಡೆ. ನನಗೆ ಮತ್ತೆ ವರ್ಗವಾಯಿತು. ಆ ಇನ್ನೊಂದು ದಿನ ಬರುವ ಮೊದಲೇ ಅಕ್ಕಾತಾಯಿ ತೀರಿಕೊಂಡ ಸುದ್ದಿ ಬಂತು.

ಹೋದ ಸಲ ನಮ್ಮ ಮನೆಗೆ ಬಂದ ಹುಡುಗಿ ದೀಪಾ. ಅಕ್ಕೋಳದ ಆಚೆಯ ಅದೇ ಹಳ್ಳಿಗೆ ಹೊಸದಾಗಿ ಹೋದವಳು, ಬಲು ಚುರುಕು. ಚಹಾ ಕುಡಿಯುತ್ತಾ ಹೇಳಿದಳು:

‘ಮೇಡಂ, ಕಪಾಟ ಮ್ಯಾಲ ಒಂದ ಚಿತ್ರಾ ಸಿಕ್ತರಿ. ಧೂಳ ಜಾಡಿಸಿ, ನೀರಾಗ ಒಗದ ಒಣಗಿಸೇನಿ. ಭಾಳ ಚಂದ ಐತ್ರಿ. ಅದನ್ನ ತಗೊಂಡ ಓಣ್ಯಾಗ ಹೋಗಾಕತ್ತೇನಿ.’

ನಾನು ಚಹಾದ ಬಸಿ ಕೆಳಗಿಟ್ಟೆ. ‘ಹೆಣ್ಣಮಕ್ಕಳು ಏನಂತಾರ?’ ಎಂದೆ.

‘ಎಲ್ಲಾರೂ ತಲಿ ಅಲ್ಲಾಡಸ್ತಾರ್ರಿ. ಇನ್ನೊಮ್ಮೆ ತೋರಸು ಅಂತಾರ.’

ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿ ಹೋದೆ. ದೀಪಾಳನ್ನು ಕರೆದುಕೊಂಡು, ಆ ಚಿತ್ರವನ್ನೂ ಹಿಡಿಸಿಕೊಂಡು ಸೀದಾ ಸುವರ್ಣಾಳ ಮನೆಗೆ ನಡೆದೆ. ನಾನೇ ಎಲ್ಲ ಹೇಳಬಹುದಿತ್ತು. ಆದರೆ ಹೇಳುವುದರ ಮೇಲೆ ನನಗೆ ಈಗ ಅಷ್ಟು ನಂಬಿಕೆಯಿಲ್ಲ. ಸುವರ್ಣಾ ಕಟ್ಟೆಯ ಮೇಲೆ ಬೀಡಿ ಕಟ್ಟುತ್ತಿದ್ದಳು, ಕೂದಲಲ್ಲಿ ಒಂದೆರಡು ಬಿಳಿ ಎಳೆ. ನನ್ನನ್ನು ಕಂಡು ನಕ್ಕಳು. ದೀಪಾ ಬಟ್ಟೆ ಬಿಚ್ಚಿ ಹಿಡಿಯುತ್ತಲೇ ಅವಳ ಕೈ ನಿಂತಿತು.

ಎದ್ದು ಹತ್ತಿರ ಬಂದಳು. ಒಗೆದರೂ ಚಿತ್ರದ ಬಣ್ಣ ಅಷ್ಟೇನೂ ಮಾಸಿರಲಿಲ್ಲ. ನಗುವ ಆ ಸಣ್ಣ ಕೂಸಿನ ಗಲ್ಲದ ಮೇಲೆ, ದೃಷ್ಟಿಬೊಟ್ಟಿನ ಹತ್ತಿರ, ಮೆಲ್ಲಗೆ ಬೆರಳು ಇಟ್ಟಳು.

‘ತಂಗಿ, ಇದನ್ನ ಯಾರಿಗೂ ತೋರಸಬ್ಯಾಡವಾ’ ಎಂದಳು ದೀಪಾಳಿಗೆ. ‘ನೋಡಿದವರೆಲ್ಲಾ ಈ ಸಣ್ಣ ಕೂಸನ್ನ ಬೇಡತಾರ. ನಾನೂ ಇದನ್ನ ಬೇಡಿದ್ನಿ.’